ಆದ್ಯತೆಯ ಕ್ರಮ

ದುರ್ಗಿಗುಡಿಯ ಬಾಡಿಗೆ ಮನೆ, ಮಹಡಿಯ ಮೆಟ್ಟಿಲು.
ಅಪ್ಪ, ನಾನು, ನಡುವೆ ಹೋದ ವರ್ಷದ ಕ್ಯಾಲೆಂಡರು.
ಅದರ ಬೆನ್ನಿಗೆ ಅಪ್ಪ ಸ್ಕೇಲು ಹಿಡಿದು ಚೌಕ ಎಳೆಯುತ್ತಾರೆ.
ಇಪ್ಪತ್ತೆರಡು ವರ್ಷ ಸಿಗ್ನಲ್ಸಿನಲ್ಲಿದ್ದ ಹವಾಲ್ದಾರ್ ಕೆರಿಯಪ್ಪ,
ಗೆರೆ ಸೊಟ್ಟಗಾದರೆ ರಾತ್ರಿ ನಿದ್ದೆ ಬರುವುದಿಲ್ಲ.

‘ಇದು ಎನ್‌ಡಿಎ’, ಎಂದವರೇ ಅದಕ್ಕೆ ಅಡ್ಡಗೀಟು.
ಹುಡುಗಿಯರಿಗೆ ಅದು ತೆರೆದ ವರ್ಷ ನಾನು
ಪಿಯುಸಿಯ ಹಿಂದಿನ ಬೆಂಚಿನಲ್ಲಿ
ಅಕೌಂಟೆನ್ಸಿ ಪುಸ್ತಕದ ಅಂಚಿಗೆ ಬೆಕ್ಕು ಬಿಡಿಸುತ್ತಿದ್ದೆ.
ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.
ಹತ್ತೊಂಬತ್ತೂವರೆ ಎಂಬ ವಯಸ್ಸು
ಹುಟ್ಟುಹಬ್ಬದ ಹಾಗೆ ಬರುವುದಿಲ್ಲ, ಕೇಕು ಕೇಳುವುದಿಲ್ಲ,
ಸಿಟಿ ಬಸ್ಸಿನಂತೆ ನಮ್ಮ ಸ್ಟಾಪಿನಲ್ಲಿ ನಿಲ್ಲದೆ ಹೋಗುತ್ತದೆ.

ಉಳಿದದ್ದು ಎರಡು.
ಸಿಡಿಎಸ್: ಇಂಗ್ಲಿಷು, ಸಾಮಾನ್ಯ ಜ್ಞಾನ, ಲಕ್ಷಾಂತರ ಮಂದಿ.
ಎನ್‌ಸಿಸಿ: ಸಿ ಸರ್ಟಿಫಿಕೇಟು ಇದ್ದರೆ ಲಿಖಿತ ಪರೀಕ್ಷೆ ಇಲ್ಲ.
‘ಅದು ಹಿಂಬಾಗಿಲು ಕಣೇ’, ಅಂದಿದ್ದ ಪ್ರಣೀತ, ಕ್ಯಾಂಟೀನಿನಲ್ಲಿ,
ನನ್ನ ದುಡ್ಡಿನ ಮಂಡಕ್ಕಿ ಮೆಲ್ಲುತ್ತ.
ಮೂರು ವರ್ಷ ಬೆಳಗಿನ ಆರಕ್ಕೆ
ಒಂದು ಸೈಜು ದೊಡ್ಡ ಬೂಟಿಗೆ ಹತ್ತಿ ತುರುಕಿ
ಮೈದಾನ ಗುದ್ದಿದ ಹಿಮ್ಮಡಿ ಆಗ ಏನೂ ಅನ್ನಲಿಲ್ಲ.
ಈಗ ಅನ್ನುತ್ತದೆ, ಮೆಟ್ಟಿಲಲ್ಲಿ, ತಡವಾಗಿ:
ಹಿಂಬಾಗಿಲಿಗೂ ಬೀಗ ಇರುತ್ತದೆ ಕಣೋ.

‘ಹತ್ತು ವರ್ಷಕ್ಕೆ ಮನೆಗೆ ಕಳಿಸ್ತಾರಂತೆ?’ ಒಳಗಿಂದ ಅಮ್ಮ.
ಹದಿನಾಲ್ಕರವರೆಗೂ ಇರಬಹುದು ಅನ್ನುತ್ತೇನೆ.
‘ಆಮೇಲೆ?’
ಕುಕ್ಕರು ಕೂಗಿ ನನ್ನನ್ನು ಉಳಿಸುತ್ತದೆ.
ಕೆಳಮನೆಯ ಶೇಷಗಿರಿ ಮೇಷ್ಟ್ರು ಹಾದುಹೋಗುತ್ತ ನಗುತ್ತಾರೆ:
‘ಮಗಳಿಗೇ ಸೆಲ್ಯೂಟ್ ಹೊಡೀಬೇಕಾಗುತ್ತಲ್ರೀ!’
‘ಈ ಕೈ ರಿಟೈರಾಗಿದೆ’, ಅಪ್ಪ ತಲೆ ಎತ್ತುವುದಿಲ್ಲ,
‘ಈಗ ಸೊಪ್ಪು ತರೋ ಕೈ.’

ಆಮೇಲೆ, ಯಾರೂ ಕೇಳದೆ, ಮೂಲೆಯಲ್ಲಿ ಇನ್ನೊಂದು ಚೌಕ.
‘ಎಸಿಸಿ. ಇದು ನಿನಗಲ್ಲ.
ಸಿಪಾಯಿಗಳು ಆಫೀಸರಾಗೋ ದಾರಿ.’
ಗೆರೆ ಮೊದಲ ಬಾರಿಗೆ ಸ್ವಲ್ಪ ಸೊಟ್ಟ.
‘ನಾನು ಹೋಗಿದ್ದೆ.’

ಇಪ್ಪತ್ತಾರು ವಯಸ್ಸು. ಬೆಂಗಳೂರು. ಎದೆಗೆ ಹದಿನೇಳನೆಯ ನಂಬರು.
ಪರದೆಯ ಮೇಲೆ ಮಸುಕು ಚಿತ್ರ, ಅರ್ಧ ನಿಮಿಷ,
ಕಂಡದ್ದನ್ನು ಕತೆಯಾಗಿ ಬರೆಯಬೇಕು.
ಅಪ್ಪನಿಗೆ ಕಂಡದ್ದು ಹೊಳೆಬಾಗಿಲಿನ ಲಾಂಚು.
ತುಮರಿಯ ಕಡೆಯವನಿಗೆ ಮಸುಕಿನಲ್ಲಿ ಇನ್ನೇನು ಕಂಡೀತು?
ಹಿನ್ನೀರು, ಹೊಗೆ, ಹಲಗೆಯ ಮೇಲೊಂದು ಜೀಪು,
ಇನ್ನೂ ಓಡಿಬರುತ್ತಿರುವ ಒಬ್ಬನಿಗಾಗಿ
ಹಗ್ಗ ಬಿಚ್ಚದೆ ನಿಂತ ಆಳು.
ಗುಂಪಿನ ಹನ್ನೆರಡು ಮಂದಿ ಕೂಗಿದರು: ಅದು ಹೊತ್ತಿ ಉರಿಯುವ ಮನೆ.
ಅಪ್ಪ ಎರಡು ನಿಮಿಷ ಸುಮ್ಮನಿದ್ದು
ಹೌದು, ಮನೆಯೇ ಅಂದುಬಿಟ್ಟರು.
ಸಂಜೆಯೊಳಗೆ ವಾಪಸು ಟಿಕೆಟ್ಟು.

ಅಮ್ಮನಿಗೂ ಗೊತ್ತಿರಲಿಲ್ಲ. ಬಾಗಿಲಲ್ಲಿ ಸೌಟು ನಿಂತಿತ್ತು.

‘ಯಾವ ದಾರೀಲಿ ಹೋದರೂ ಆ ಮಸುಕು ಚಿತ್ರ ಬಂದೇ ಬರುತ್ತೆ’,
ಅಪ್ಪ ಪೆನ್ನಿನ ಮುಚ್ಚಳ ಹಾಕಿದರು. ಅಷ್ಟೇ. ಬುದ್ಧಿಮಾತಿಲ್ಲ.
ಈಗ ಅಲ್ಲಿ ಸೇತುವೆ ಬಂದಿದೆ.
ಆದರೂ ಊರಿಗೆ ಹೊರಟ ದಿನ ಅವರು
ಲಾಂಚಿನ ಹೊತ್ತಿಗೆ ಸರಿಯಾಗಿ ಅವಸರ ಮಾಡುತ್ತಾರೆ.

ರಾತ್ರಿ ಹನ್ನೊಂದಕ್ಕೆ ಎರಡು ಅರ್ಜಿಯನ್ನೂ ತೆರೆದೆ.
ಎನ್‌ಸಿಸಿಯದು ಮೊದಲು ತುಂಬಿದೆ, ಬೂಟಿನ ಋಣ.
ಸಿಡಿಎಸ್‌ನಲ್ಲಿ ಶುಲ್ಕ: ಮಹಿಳೆಯರಿಗೆ ಇಲ್ಲ.
ಸಂಸ್ಥೆಗಳ ಆದ್ಯತೆಯ ಕ್ರಮ ಸೂಚಿಸಿ, ಅಂದಿತು.
ಗಂಡುಹುಡುಗರಿಗೆ ಅಲ್ಲಿ ನಾಲ್ಕು. ನನಗೆ ಚೆನ್ನೈ, ಒಂದೇ.
ಇದ್ದ ಒಂದನ್ನೇ ಮೊದಲನೆಯದೆಂದು ಆರಿಸಿ
ಕ್ಯಾಪ್ಚಾದ ಮಸುಕು ಅಕ್ಷರಗಳಿಗೆ ಬಂದೆ.
ಅಪ್ಪ ಹಿಂದಿನಿಂದ ಬಗ್ಗಿ, ‘ಅದು ಎಂಟು’ ಅಂದರು.
‘ಅಲ್ಲಪ್ಪ, ಬಿ’, ಅಂದೆ,
ಬಿ ಒತ್ತಿದೆ.